ಹೊಟ್ಟೆಗೆ ಅಕ್ಕಿ ಸಿಕ್ಕಿತು, ಮನಸ್ಸಿಗೆ?

ನಿರಾಶ್ರಿತರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ತಲೆಯ ಮೇಲೊಂದು ಗಂಟು, ಕಂಕುಳಲ್ಲಿ ಮಗು, ಮೊಣಕಾಲ ಮಟ್ಟದ ಕೆಸರು. 2017ರ ಆಗಸ್ಟ್ 25ರ ಬಳಿಕ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಿಂದ ನಾಫ್ ನದಿಯನ್ನು ದಾಟಿ ಬಾಂಗ್ಲಾದೇಶದ ಕಾಕ್ಸ್ ಬಝಾರ್ ಜಿಲ್ಲೆಗೆ ಬಂದ ರೋಹಿಂಗ್ಯನ್ನರ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಕೆಲವೇ ತಿಂಗಳುಗಳಲ್ಲಿ 7 ಲಕ್ಷಕ್ಕೂ ಅಧಿಕ ಮಂದಿ ಹಾಗೆ ಬಂದರು. ನಮ್ಮ ಮಸೀದಿಗಳಲ್ಲಿ ಜುಮಾದ ಬಳಿಕ ಅವರಿಗಾಗಿ ಪ್ರಾರ್ಥನೆ ನಡೆಯಿತು, ಬಾಗಿಲಲ್ಲಿ ಬಟ್ಟೆ ಹಾಸಿ ಹಣ ಸಂಗ್ರಹಿಸಲಾಯಿತು. ಅಕ್ಕಿ, ಬೇಳೆ, ಕಂಬಳಿ, ತಾಡಪಾಲು ಅವರನ್ನು ತಲುಪಿತು. ಅದೆಲ್ಲವೂ ಆಗಬೇಕಾದುದೇ. ಆದರೆ ಅಕ್ಕಿ ತಲುಪಿದ ಗುಡಿಸಲಲ್ಲಿ ರಾತ್ರಿ ಯಾರಿಗೂ ನಿದ್ದೆ ಬರುತ್ತಿಲ್ಲ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಕಾಣದ ಗಾಯಕ್ಕೆ ಚಂದಾ ಎತ್ತುವ ರೂಢಿಯೂ ನಮ್ಮಲ್ಲಿಲ್ಲ.

ಜಗತ್ತಿನ ಸಂಘರ್ಷಪೀಡಿತ ಪ್ರದೇಶಗಳಲ್ಲಿ ಬದುಕುವವರ ಪೈಕಿ ಐವರಲ್ಲಿ ಒಬ್ಬರು ಒಂದಲ್ಲ ಒಂದು ಬಗೆಯ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜಿಸಿತು. ರೋಹಿಂಗ್ಯನ್ನರ ವಿಷಯದಲ್ಲಂತೂ ಕಾರಣಗಳನ್ನು ಹುಡುಕಬೇಕಾದ ಅಗತ್ಯವೇ ಇಲ್ಲ. 2017ರ ಆ ಒಂದು ತಿಂಗಳ ಅವಧಿಯಲ್ಲೇ ಕನಿಷ್ಠ 6,700 ಮಂದಿ ಹಿಂಸೆಗೆ ಬಲಿಯಾಗಿದ್ದಾರೆಂದೂ ಅವರಲ್ಲಿ 5 ವರ್ಷಕ್ಕಿಂತ ಕೆಳಗಿನ ಮಕ್ಕಳೇ ಕನಿಷ್ಠ 730 ಎಂದೂ ಎಂ.ಎಸ್.ಎಫ್. ಎಂಬ ವೈದ್ಯರ ಸಂಘಟನೆಯು ಶಿಬಿರಗಳಲ್ಲಿ ನಡೆಸಿದ ಸಮೀಕ್ಷೆಗಳಿಂದ ಅಂದಾಜು ಮಾಡಿತು. ಮನೆಗೆ ಬೆಂಕಿ ಬಿದ್ದುದನ್ನು, ಒಡಹುಟ್ಟಿದವರು ಗುಂಡಿಗೆ ಉರುಳಿದ್ದನ್ನು, ತಾಯಂದಿರ ಮಾನಭಂಗವನ್ನು ಕಣ್ಣಾರೆ ಕಂಡವರ ಮನಸ್ಸು ಮೊದಲಿನಂತೆ ಇರಲು ಹೇಗೆ ಸಾಧ್ಯ?

ಇಲ್ಲಿ ಒಂದು ಪ್ರಮಾದ ನಡೆಯುತ್ತದೆ. ನಿರಾಶ್ರಿತನ ಮಾನಸಿಕ ಯಾತನೆಯೆಂದರೆ ಅದು ಗತಕಾಲದ ಗಾಯ ಎಂದೇ ಎಲ್ಲರೂ ಭಾವಿಸುತ್ತಾರೆ. ಎಂದೋ ಆದ ಗಾಯ, ಕಾಲ ಕಳೆದಂತೆ ತಾನಾಗಿ ಮಾಯುತ್ತದೆ, ಅಲ್ಲಿಯವರೆಗೆ ಸ್ವಲ್ಪ ಸಾಂತ್ವನ ಹೇಳಿದರೆ ಸಾಕು ಎಂಬ ಧೋರಣೆ. ಶಿಬಿರದ ಬದುಕನ್ನು ಹತ್ತಿರದಿಂದ ಅಧ್ಯಯನ ಮಾಡಿದವರು ಹೇಳುವುದು ಬೇರೆಯೇ. 2017ರ ಮಹಾ ವಲಸೆಗಿಂತ ಮುಂಚೆಯೇ ಕುತುಪಾಲಂಗ್ ಮತ್ತು ನಯಾಪಾರಾ ಶಿಬಿರಗಳಲ್ಲಿ 148 ಮಂದಿ ವಯಸ್ಕರನ್ನು ಸಂದರ್ಶಿಸಿ ನಡೆಸಿದ ಅಧ್ಯಯನವೊಂದು ಅದೇ ವರ್ಷ ಪ್ರಕಟವಾಯಿತು. ಮೂರನೇ ಒಂದಕ್ಕಿಂತ ಹೆಚ್ಚು ಮಂದಿಯಲ್ಲಿ ಆಘಾತೋತ್ತರ ಮನೋವ್ಯಾಧಿಯ ಲಕ್ಷಣಗಳಿದ್ದವು. ಖಿನ್ನತೆಯ ಲಕ್ಷಣಗಳಂತೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ಕಂಡುಬಂದವು. ಹಿಂದೆ ಅನುಭವಿಸಿದ ಹಿಂಸೆಯಷ್ಟೇ ಅಲ್ಲ, ಆಹಾರದ ಚಿಂತೆ, ಅಲೆದಾಟಕ್ಕೆ ನಿರ್ಬಂಧ, ಸುರಕ್ಷಿತತೆಯಿಲ್ಲದ ಭಯ ಮುಂತಾದ ದಿನನಿತ್ಯದ ಕಷ್ಟಗಳೇ ಆ ನೋವನ್ನು ಜೀವಂತವಾಗಿರಿಸಿವೆ ಎಂಬುದು ಆ ಅಧ್ಯಯನದ ತಿರುಳು. ಅವರಲ್ಲಿ ಬಹಳಷ್ಟು ಮಂದಿ 1991-92ರ ವಲಸೆಯ ಕಾಲದಿಂದ ಶಿಬಿರದಲ್ಲಿದ್ದವರು ಎಂಬುದನ್ನು ಗಮನಿಸಬೇಕು. ಕಾಲು ಶತಮಾನ ಕಳೆದರೂ ಗಾಯ ಮಾಗಿರಲಿಲ್ಲ.

ದಿನನಿತ್ಯದ ಕಷ್ಟವೆಂದರೆ ಏನು? ಊಟದಿಂದಲೇ ಆರಂಭಿಸೋಣ. ವಿಶ್ವ ಆಹಾರ ಕಾರ್ಯಕ್ರಮವು ಶಿಬಿರದ ಪ್ರತಿಯೊಬ್ಬರಿಗೂ ತಿಂಗಳಿಗೆ 12 ಡಾಲರ್ ಮೌಲ್ಯದ ಪಡಿತರ ನೀಡುತ್ತಿತ್ತು. ಶ್ರೀಮಂತ ರಾಷ್ಟ್ರಗಳು ಕೈ ಬಿಗಿಹಿಡಿದದ್ದರಿಂದ 2023ರ ಮಾರ್ಚ್‌ನಲ್ಲಿ ಅದು 10 ಡಾಲರ್‌ಗೆ ಇಳಿಯಿತು, ಜೂನ್‌ನಲ್ಲಿ 8ಕ್ಕೆ. ಅಂದರೆ ದಿನವೊಂದಕ್ಕೆ 27 ಸೆಂಟ್. 2024ರಲ್ಲಿ ಮತ್ತೆ ಏರಿತು. 2025ರ ಮಾರ್ಚ್ ಆರಂಭದಲ್ಲಿ 6 ಡಾಲರ್‌ಗೆ ಇಳಿಸಲಾಗುವುದೆಂಬ ಪ್ರಕಟಣೆ ಬಂತು. ಅದು ರಮಝಾನ್ ತಿಂಗಳು. ತಿಂಗಳ ಕೊನೆಯಲ್ಲಿ ಆ ನಿರ್ಧಾರ ಬದಲಾಗಿ 12 ಡಾಲರ್ ಉಳಿಯಿತು. ಉಳಿಯಿತಲ್ಲ, ಇನ್ನೇನು ಎಂದು ನಾವು ಕೇಳಬಹುದು. ಉಪವಾಸ ವ್ರತದ ಆ ವಾರಗಳಲ್ಲಿ ಐದು ಮಕ್ಕಳ ತಾಯಿಯೊಬ್ಬಳು ಮುಂದಿನ ತಿಂಗಳ ಲೆಕ್ಕವನ್ನು ಎಷ್ಟು ಬಾರಿ ಹಾಕಿರಬಹುದು? ಹಸಿವಿನಷ್ಟೇ ಹಸಿವಿನ ನಿರೀಕ್ಷೆಯೂ ಮನುಷ್ಯನನ್ನು ತಿನ್ನುತ್ತದೆ. ಸಂಬಳ ನಿಂತ ಮನೆಯ ಅನುಭವವಿರುವ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ದುಡಿಮೆ. ಶಿಬಿರದ ಹೊರಗೆ ಹೋಗಿ ದುಡಿಯಲು ನಿರಾಶ್ರಿತರಿಗೆ ಕಾನೂನಿನ ಅನುಮತಿಯಿಲ್ಲ. ಶಿಬಿರದ ಸುತ್ತ ಮುಳ್ಳುತಂತಿಯ ಬೇಲಿ ಎದ್ದಿದೆ. ಒಳಗೇ ಚಹಾ, ತರಕಾರಿ, ಮೊಬೈಲ್ ರಿಪೇರಿಯ ಸಣ್ಣ ಅಂಗಡಿಗಳನ್ನು ಇಟ್ಟುಕೊಂಡಿದ್ದವರ ಸಾವಿರಾರು ಅಂಗಡಿಗಳನ್ನು 2021ರ ಕೊನೆ ಹಾಗೂ 2022ರಲ್ಲಿ ಅಧಿಕಾರಿಗಳು ಕೆಡವಿಸಿದರು. ರಖೈನ್‌ನಲ್ಲಿ ಗದ್ದೆ ಉತ್ತು, ಮೀನು ಹಿಡಿದು ಹತ್ತು ಮಂದಿಗೆ ಅನ್ನ ಹಾಕುತ್ತಿದ್ದ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡಬೇಕು? ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ನಾಳೆಯೂ ನಿಲ್ಲಬೇಕು. ಮನೆಯ ಯಜಮಾನ ಎಂಬ ಮಾತಿಗೆ ಅರ್ಥವೇ ಉಳಿಯದಿದ್ದಾಗ ಆ ಅವಮಾನ ಎಲ್ಲಿ ಹೊರಬರುತ್ತದೆ ಎಂಬುದು ಗುಡಿಸಲಿನ ಹೆಂಗಸರಿಗೆ ಗೊತ್ತು. ಹೊರಗೆ ಅಪರಿಚಿತರ ಭಯ, ಒಳಗೆ ಗಂಡನ ಸಿಟ್ಟು. ಇವುಗಳ ನಡುವೆ ಪರ್ದಾದ ಕಾರಣದಿಂದ ಹಗಲೆಲ್ಲಾ ಬಿದಿರು-ಪ್ಲಾಸ್ಟಿಕ್ಕಿನ ಬಿಸಿ ಗೂಡಿನಲ್ಲೇ ಕುಳಿತಿರಬೇಕಾದ ಅವರ ಒತ್ತಡವು ಪುರುಷರದ್ದಕ್ಕಿಂತ ಕಡಿಮೆಯದ್ದಲ್ಲ.

ಇನ್ನು ಮಕ್ಕಳು. ಬಾಂಗ್ಲಾದ ಶಾಲೆಗಳು ಅವರಿಗೆ ಮುಚ್ಚಿದ ಬಾಗಿಲು. ಬಹಳ ಒತ್ತಾಯದ ಬಳಿಕ 2021ರ ಕೊನೆಯಲ್ಲಿ ಶಿಬಿರದೊಳಗೆ ಮ್ಯಾನ್ಮಾರ್ ಪಠ್ಯಕ್ರಮದ ಪ್ರಯೋಗ ಆರಂಭವಾಯಿತು. ಅದೇ ಸಮಯದಲ್ಲಿ ನಿರಾಶ್ರಿತರೇ ಚಂದಾ ಹಾಕಿ ನಡೆಸುತ್ತಿದ್ದ ಶಾಲೆಗಳನ್ನು ಮುಚ್ಚಿಸಲಾಯಿತು ಎಂಬುದು ಸೋಜಿಗ. 2025ರ ಜೂನ್‌ನಲ್ಲಿ ಹಣವಿಲ್ಲದೆ ಯುನಿಸೆಫ್ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರನ್ನು ಕೈಬಿಡಬೇಕಾಯಿತು. ಶಾಲೆಯೆಂದರೆ ಬರೀ ಅಕ್ಷರವಲ್ಲ. ಭಯಗೊಂಡ ಮಗುವಿಗೆ ದಿನದಲ್ಲಿ ನಾಲ್ಕು ಗಂಟೆ ಒಂದು ಕ್ರಮ, ಒಬ್ಬ ಟೀಚರು, ಒಬ್ಬ ಗೆಳೆಯ. ಅದನ್ನು ಕಿತ್ತುಕೊಂಡರೆ ಹುಡುಗನಿಗೆ ಉಳಿಯುವುದು ಶಿಬಿರದ ಗ್ಯಾಂಗುಗಳು ಮತ್ತು ಮಾದಕ ಮಾತ್ರೆ ಸಾಗಾಟ, ಹುಡುಗಿಗೆ ಎಳೆಯ ವಯಸ್ಸಿನ ಮದುವೆ.

ಬೆಂಕಿಯ ಮಾತನ್ನಂತೂ ಹೇಳದಿರುವಂತಿಲ್ಲ. 2021ರ ಮಾರ್ಚ್ 22ರಂದು ಶಿಬಿರದಲ್ಲಿ ಹಬ್ಬಿದ ಬೆಂಕಿಯಲ್ಲಿ ಸುಮಾರು 45,000 ಮಂದಿ ಮತ್ತೊಮ್ಮೆ ನಿರಾಶ್ರಿತರಾದರು. ನಿರಾಶ್ರಿತರೊಳಗೆ ನಿರಾಶ್ರಿತರು! ಊರಲ್ಲಿ ಬೆಂಕಿ ಕಂಡು ಓಡಿಬಂದವರ ಕಣ್ಣ ಮುಂದೆ ಮತ್ತೆ ಅದೇ ಬೆಂಕಿ. ಇಂಥವರಿಗೆ ಗತಕಾಲದ ಗಾಯ ಎಂಬ ಮಾತು ಹೇಗೆ ಒಪ್ಪುತ್ತದೆ? ಅವರ ಪಾಲಿಗೆ ಗತಕಾಲವೆಂಬುದೇ ಇನ್ನೂ ಆಗಿಲ್ಲ.

ರೋಹಿಂಗ್ಯಾ ಭಾಷೆಯಲ್ಲಿ ಖಿನ್ನತೆಗೆ ವೈದ್ಯರು ಬಳಸುವಂಥ ಶಬ್ದವಿಲ್ಲ. ಅವರು ಹೇಳುವುದು ‘ಚಿಂತಾ’ ಎಂದು, ‘ಓಶಾಂತಿ’ ಎಂದು. ಕನ್ನಡಿಗರಾದ ನಮಗೆ ಈ ಎರಡು ಶಬ್ದಗಳಿಗೆ ದುಭಾಷಿ ಬೇಕೇ? ಇನ್ನೂ ಹೆಚ್ಚಾಗಿ ಅವರು ಮನಸ್ಸಿನ ನೋವನ್ನು ದೇಹದ ನೋವಾಗಿ ಹೇಳುತ್ತಾರೆ. ಮೈಯೆಲ್ಲಾ ನೋವು, ಎದೆ ಭಾರ, ತಲೆ ಸುತ್ತು, ನಿದ್ದೆಯಿಲ್ಲ. ನೋವಿನ ಮಾತ್ರೆ ಸಿಗುತ್ತದೆ, ನೋವು ಹೋಗುವುದಿಲ್ಲ. ಜಿನ್ನ್ ಹಿಡಿದಿದೆ ಎಂಬ ನಂಬಿಕೆಯೂ ಅಲ್ಲಿ ವ್ಯಾಪಕ. ನಗುವವರು ನಮ್ಮ ಊರುಗಳನ್ನೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಹೆರಿಗೆಯ ಬಳಿಕ ಮಂಕಾದ ಸೊಸೆಯನ್ನು ಮನೋವೈದ್ಯರ ಬಳಿಗೆ ಒಯ್ಯುವ ಮೊದಲು ಎಷ್ಟು ತಾಯಿತಗಳನ್ನು ಕಟ್ಟಿಸಲಾಗುತ್ತದೆ, ಎಷ್ಟು ದರ್ಗಾಗಳಿಗೆ ಅಲೆಸಲಾಗುತ್ತದೆ ಎಂಬುದು ನಮ್ಮ ಓದುಗರಿಗೆ ತಿಳಿಯದ ಸಂಗತಿಯಲ್ಲ. ಹಾಗೆಂದು ಶಿಬಿರದ ಮೌಲವಿಯನ್ನು ಬದಿಗೆ ಸರಿಸಿ ಕೆಲಸ ಮಾಡುತ್ತೇವೆಂದು ಹೊರಡುವ ಸಂಸ್ಥೆಗಳೂ ಎಡವುತ್ತವೆ. ನೊಂದವನು ಮೊದಲು ಹೋಗುವುದು ಮೌಲವಿಯ ಬಳಿಗೇ. ದುಆ ಮಾಡಿ, ಜೊತೆಗೆ ಚಿಕಿತ್ಸಾಲಯದ ದಾರಿಯನ್ನೂ ತೋರಿಸುವ ಮೌಲವಿಯು ಹತ್ತು ಕರಪತ್ರಗಳು ಮಾಡದ ಕೆಲಸವನ್ನು ಮಾಡಬಲ್ಲರು.

ಈಗ ನಮ್ಮ ಸಮುದಾಯಕ್ಕೆ ಅತ್ಯಂತ ಸಲೀಸಾದ ಒಂದು ಮಾತಿನ ಬಗ್ಗೆ ಹೇಳಲೇಬೇಕು. ಅದು ‘ಸಬ್ರ್ ಮಾಡಿ’ ಎಂಬ ಮಾತು. ಸಹನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಶಿಬಿರದ ಜನರನ್ನು ಈವರೆಗೆ ಹಿಡಿದು ನಿಲ್ಲಿಸಿರುವುದೂ ಬಹುಮಟ್ಟಿಗೆ ಅವರ ವಿಶ್ವಾಸವೇ. ಬಿದಿರಿನ ಮಸೀದಿ, ಮಕ್ಕಳ ಮಕ್ತಬ್, ಸಾಮೂಹಿಕ ನಮಾಝ್, ಸತ್ತವರಿಗಾಗಿ ದುಆ, ಇವು ಅವರ ದಿನಕ್ಕೆ ಒಂದು ಆಕಾರ ಕೊಟ್ಟಿವೆ. ಆದರೆ ಹೊಟ್ಟೆ ತುಂಬಿದವನು ಹಸಿದವನಿಗೆ, ಮನೆಯಿದ್ದವನು ಮನೆ ಕಳಕೊಂಡವನಿಗೆ ಸಹನೆಯನ್ನು ಬೋಧಿಸುವಾಗ ಅದು ಉಪದೇಶವಾಗುವುದಿಲ್ಲ, ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ಸಹನೆಯೆಂದರೆ ಅಳದಿರುವುದು ಎಂದು ನಮಗೆ ಹೇಳಿಕೊಟ್ಟವರಾರು? ಮಗನನ್ನು ಕಳಕೊಂಡ ಪ್ರವಾದಿ ಯಾಕೂಬ್(ಅ)ರು ಸುಂದರ ಸಹನೆಯ ಮಾತನ್ನಾಡಿದವರು. ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವು ಎಂಬುದನ್ನೂ ಅದೇ ಕುರ್‌ಆನ್ ಹೇಳುತ್ತದೆ. ಅವರು ಅತ್ತರು, ಸಹನೆಯನ್ನೂ ಬಿಡಲಿಲ್ಲ, ಮಕ್ಕಳನ್ನು ಹುಡುಕಲು ಕಳುಹಿಸುವುದನ್ನೂ ಬಿಡಲಿಲ್ಲ.

ನಮ್ಮ ಇತಿಹಾಸ ಆರಂಭವಾಗುವುದೇ ಒಂದು ವಲಸೆಯಿಂದ. ಮದೀನಾಕ್ಕೆ ಬಂದ ಹೊಸತರಲ್ಲಿ ಜ್ವರ ಹಿಡಿದು ಮಲಗಿದ ಬಿಲಾಲ್(ರ)ರು ಮಕ್ಕಾದ ಕಣಿವೆಯನ್ನೂ ಅಲ್ಲಿನ ಗಿಡಗಳನ್ನೂ ನೆನೆದು ಹಲುಬಿದರು. ಗಮನಿಸಿ, ತನ್ನನ್ನು ಬಿಸಿಮರಳ ಮೇಲೆ ಮಲಗಿಸಿ ಹಿಂಸಿಸಿದ ಊರು ಅದು! ಆದರೂ ಊರು ಊರೇ. ಆ ಹಂಬಲವನ್ನು ದೌರ್ಬಲ್ಯವೆಂದು ಪ್ರವಾದಿ(ಸ)ರು ಗದರಲಿಲ್ಲ. ಮಕ್ಕಾದಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ ಮದೀನಾವನ್ನು ನಮಗೆ ಪ್ರಿಯವಾಗಿಸು ಎಂದು ಪ್ರಾರ್ಥಿಸಿದರು. ಇನ್ನೊಂದು ಘಟನೆಯಂತೂ ಎಲ್ಲರಿಗೂ ಪರಿಚಿತ. ಅನ್ಸಾರಿಯಾದ ಸಅದ್ ಬಿನ್ ರಬೀಅ್(ರ)ರು ತಮ್ಮ ಅರ್ಧ ಸಂಪತ್ತನ್ನು ಕೊಡಲು ಮುಂದಾದಾಗ ವಲಸಿಗರಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರು ಹರಸಿ, ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಅಂದು ಸಂಜೆ ಒಂದಿಷ್ಟು ತುಪ್ಪ, ಒಣ ಮೊಸರಿನ ಗಟ್ಟಿ ಸಂಪಾದಿಸಿಕೊಂಡು ಬಂದರು. ಈ ಘಟನೆಯನ್ನು ನಾವು ಅನ್ಸಾರರ ಔದಾರ್ಯಕ್ಕೆ ಉದಾಹರಣೆಯಾಗಿ ಸಾವಿರ ಬಾರಿ ಕೇಳಿದ್ದೇವೆ. ನಿರಾಶ್ರಿತನೊಬ್ಬನ ಆತ್ಮಗೌರವದ ಘಟನೆಯಾಗಿ ಎಷ್ಟು ಬಾರಿ ಕೇಳಿದ್ದೇವೆ? ಕುತುಪಾಲಂಗ್‌ನಲ್ಲಿರುವುದು ಮಾರುಕಟ್ಟೆಯ ದಾರಿಯನ್ನು ಕೇಳುವ ಲಕ್ಷಾಂತರ ಮಂದಿ. ಅವರಿಗೆ ಸಿಗುತ್ತಿರುವುದು ಬೇಲಿ.

ಅವಕಾಶ ಸಿಕ್ಕಲ್ಲೆಲ್ಲ ಅವರು ತಮ್ಮನ್ನು ತಾವು ಎತ್ತಿ ನಿಲ್ಲಿಸಿಕೊಂಡಿದ್ದಾರೆ. ವಲಸೆಯ ಕುರಿತ ಅಂತಾರಾಷ್ಟ್ರೀಯ ಸಂಘಟನೆ(ಐ.ಒ.ಎಂ.)ಯು ಶಿಬಿರದಲ್ಲಿ ರೂಪಿಸಿದ ಸಾಂಸ್ಕೃತಿಕ ಸ್ಮೃತಿ ಕೇಂದ್ರದಲ್ಲಿ ಹೆಂಗಸರು ಕಳಕೊಂಡ ಊರನ್ನು ಕಸೂತಿಯಲ್ಲಿ ಹೆಣೆಯುತ್ತಾರೆ, ಗಂಡಸರು ತಮ್ಮ ಮನೆ, ದೋಣಿಗಳ ಪುಟ್ಟ ಮಾದರಿಗಳನ್ನು ಕಡೆಯುತ್ತಾರೆ. ಬ್ರ್ಯಾಕ್ ಸಂಸ್ಥೆಯ ಆಟದ ಕೇಂದ್ರಗಳಲ್ಲಿ ಎಳೆಯ ಮಕ್ಕಳು ರೋಹಿಂಗ್ಯಾ ಶಿಶುಪ್ರಾಸಗಳನ್ನೇ ಹೇಳಿ ಕುಣಿಯುತ್ತಾರೆ. ಚಿಕಿತ್ಸೆಗೆ ದೊಡ್ಡ ವೈದ್ಯರೇ ಬೇಕೆಂದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಐದು ಭೇಟಿಗಳ ಸರಳ ಆಪ್ತಸಲಹೆಯ ಕ್ರಮವನ್ನು ಪಾಕಿಸ್ತಾನದ ಪೇಶಾವರದಲ್ಲಿ ಹಿಂಸೆಗೆ ತುತ್ತಾದವರ ನಡುವೆ ಪರೀಕ್ಷಿಸಲಾಯಿತು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ಅದನ್ನು ನಡೆಸಿದರು. ಆತಂಕ, ಖಿನ್ನತೆ ಗಮನಾರ್ಹವಾಗಿ ಇಳಿದುದು 2016ರಲ್ಲಿ ವರದಿಯಾಯಿತು. ಅಂದರೆ ಕೇಳುವ ಕಿವಿಗೆ ತರಬೇತಿ ಕೊಡಬಹುದು. ನಮ್ಮ ಪದವೀಧರ ಯುವತಿಯರೂ ಇದನ್ನು ಕಲಿಯಬಲ್ಲರು.

ಹಾಗೆ ಎತ್ತಿ ನಿಲ್ಲಿಸಿಕೊಳ್ಳಲಾಗದವರ ಕೊನೆಯ ಉಪಾಯ ಸಮುದ್ರ. 2023ರಲ್ಲಿ ಸುಮಾರು 4,500 ರೋಹಿಂಗ್ಯನ್ನರು ಅಂಡಮಾನ್ ಸಮುದ್ರ ಮತ್ತು ಬಂಗಾಳಕೊಲ್ಲಿಯಲ್ಲಿ ಮುರುಕು ದೋಣಿ ಹತ್ತಿದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ ಅವರ ಪೈಕಿ 569 ಮಂದಿ ಸತ್ತರು ಅಥವಾ ಕಾಣೆಯಾದರು. ಎಂಟರಲ್ಲಿ ಒಬ್ಬರು. ಆ ಅಪಾಯ ತಿಳಿದೂ ಮಗುವನ್ನೆತ್ತಿ ದೋಣಿ ಹತ್ತುವ ತಾಯಿಗೆ ಬುದ್ಧಿಯಿಲ್ಲ ಎನ್ನೋಣವೇ, ದಡದಲ್ಲಿ ಏನೂ ಉಳಿದಿಲ್ಲ ಎನ್ನೋಣವೇ?

ಇದಕ್ಕೆಲ್ಲ ಬಾಂಗ್ಲಾದೇಶವನ್ನೊಂದೇ ದೂರುವುದು ಅನ್ಯಾಯ. ಬಡತನ ಮತ್ತು ಜನದಟ್ಟಣೆಯ ಆ ದೇಶ ಹತ್ತು ಲಕ್ಷಕ್ಕೂ ಮಿಕ್ಕಿದ ಜನರಿಗೆ ನೆಲ ಕೊಟ್ಟಿದೆ. ರಖೈನ್‌ನಲ್ಲಿ ಸೇನೆ ಮತ್ತು ಅರಕಾನ್ ಆರ್ಮಿಯ ಕಾಳಗದಿಂದಾಗಿ 2024-25ರಲ್ಲಿ ಮತ್ತೆ ಸುಮಾರು ಒಂದೂವರೆ ಲಕ್ಷ ಮಂದಿ ಬಂದು ಸೇರಿದರು. ಮೂಲ ಅಪರಾಧಿಯೆಂದರೆ 1982ರ ಪೌರತ್ವ ಕಾನೂನಿನ ಮೂಲಕ ಒಂದು ಜನಾಂಗವನ್ನೇ ಕಾಗದದಿಂದ ಅಳಿಸಿಹಾಕಿದ ಮ್ಯಾನ್ಮಾರ್. ಪೆಟ್ರೋಲಿನ ಸಂಪತ್ತಿರುವ ಮುಸ್ಲಿಮ್ ರಾಷ್ಟ್ರಗಳು ಹೇಳಿಕೆ ಕೊಡುತ್ತಿದ್ದಾಗ ಆಫ್ರಿಕಾದ ಪುಟ್ಟ ಗ್ಯಾಂಬಿಯಾ 2019ರ ನವೆಂಬರ್‌ನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ವಿರುದ್ಧ ನರಮೇಧದ ದಾವೆ ಹೂಡಿತು. 2020ರ ಜನವರಿಯಲ್ಲಿ ರೋಹಿಂಗ್ಯನ್ನರ ರಕ್ಷಣೆಗಾಗಿ ಮಧ್ಯಂತರ ಆದೇಶವೂ ಬಂತು. ನಿನಗಾದುದು ಅನ್ಯಾಯ ಎಂದು ಜಗತ್ತು ಒಪ್ಪುವುದೂ ಮನಸ್ಸಿಗೆ ಒಂದು ಚಿಕಿತ್ಸೆಯೇ.

ನೆಲ ಮತ್ತು ದುಡಿಮೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದವರಾದ ನಾವು ದೂರ ಹೋಗಬೇಕಾಗಿಲ್ಲ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯವು ಟಿಬೆಟಿನ ನಿರಾಶ್ರಿತರಿಗೆ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು, ಮುಂದೆ ಮುಂಡಗೋಡಿನಲ್ಲೂ ಕೊಟ್ಟಿತು. ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಶಾಲೆ, ಸಹಕಾರಿ ಸಂಘ, ಮಠಗಳನ್ನು ಕಟ್ಟಿಕೊಂಡರು, ಚಳಿಗಾಲದಲ್ಲಿ ನಮ್ಮ ನಗರಗಳ ಬೀದಿಗಳಲ್ಲಿ ಸ್ವೆಟರ್ ಮಾರಿದರು. ಊರು ಕಳಕೊಂಡ ನೋವು ಅವರಿಗೂ ಇದೆ. ಆದರೆ ಬೆಳಗ್ಗೆ ಎದ್ದು ಮಾಡಲು ಕೆಲಸವೂ ಇದೆ. ಅಂದು ಅಷ್ಟು ಉದಾರವಾಗಿದ್ದ ಈ ದೇಶವು ರೋಹಿಂಗ್ಯನ್ನರ ವಿಷಯದಲ್ಲಿ ಮಾತ್ರ 2017ರಿಂದ ಗಡೀಪಾರಿನ ಭಾಷೆಯಲ್ಲಿ ಮಾತನಾಡುತ್ತಿದೆ. 2021ರ ಮಾರ್ಚ್‌ನಲ್ಲಿ ಜಮ್ಮುವಿನಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಹೀರಾನಗರದ ಜೈಲಿಗೆ ಕಳುಹಿಸಲಾಯಿತು. ದೂರದ ಹೈದರಾಬಾದ್‌ನ ಗುಡಿಸಲುಗಳಲ್ಲಿ, ಬೆಂಗಳೂರಿನ ಹೊರವಲಯದಲ್ಲಿ ಚಿಂದಿ ಆಯ್ದು ಬದುಕುವವರಿಗೂ ಅಂಥ ಸುದ್ದಿ ತಲುಪುತ್ತದೆ. ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚುವುದನ್ನು ಕಾಯಿಲೆ ಎನ್ನಬೇಕೋ, ವಿವೇಕ ಎನ್ನಬೇಕೋ?

ನಮ್ಮ ಜಮಾಅತ್‌ಗಳು, ಝಕಾತ್ ಸಮಿತಿಗಳು ಈ ದಿಕ್ಕಿನಲ್ಲಿ ಯೋಚಿಸಬೇಕು. ಕಂಬಳಿ ಮತ್ತು ಇಫ್ತಾರ್ ಕಿಟ್‌ಗೆ ಕೊಡುವ ಹಣದ ಒಂದು ಪಾಲು ಹೊಲಿಗೆ ಯಂತ್ರಕ್ಕೆ, ತಳ್ಳುಗಾಡಿಗೆ, ಮಕ್ಕಳ ಕಲಿಕೆಗೆ, ಮನೋವೈದ್ಯರ ಶುಲ್ಕ ಮತ್ತು ಔಷಧಕ್ಕೆ ಹೋಗಲಿ. ಫೋಟೋದಲ್ಲಿ ಇದು ಅಷ್ಟು ಚೆನ್ನಾಗಿ ಕಾಣಿಸದಿರಬಹುದು. ಕಿಟ್ ಹಂಚಲು ಹೋದವರು ಹತ್ತು ನಿಮಿಷ ಕುಳಿತು ಅವರ ಮಾತು ಕೇಳಲಿ. ಎಲ್ಲವನ್ನೂ ಹೇಳು ಎಂದು ಗಾಯ ಕೆದಕುವುದು ಬೇಡ, ಹೇಳಿದಷ್ಟು ಕೇಳಿದರೆ ಸಾಕು. ಯಾರಾದರೂ ಊಟ ಬಿಟ್ಟರೆ, ಮಾತು ಬಿಟ್ಟರೆ, ಬದುಕೇ ಬೇಡ ಎಂದರೆ ಅಂದೇ ಆಸ್ಪತ್ರೆಗೆ ಜೊತೆಯಲ್ಲಿ ಹೋಗಲಿ. ಹೆಂಗಸರ ಬಳಿಗೆ ಹೆಂಗಸರೇ ಹೋಗಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಬಾಗಿಲು ತುಸು ತೆರೆದಿದೆ. ರೋಹಿಂಗ್ಯಾ ಮಕ್ಕಳು ಪ್ರವೇಶಕ್ಕಾಗಿ ಸರಕಾರಿ ಶಾಲೆಗಳನ್ನು ಸಂಪರ್ಕಿಸಬಹುದು, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ಆಧಾರ್ ಎಲ್ಲಿ, ಜನನ ಪತ್ರ ಎಲ್ಲಿ ಎಂದು ಕೇಳುವ ಮುಖ್ಯೋಪಾಧ್ಯಾಯರ ಮುಂದೆ, ಕನ್ನಡವೂ ಬಾರದ ಚಿಂದಿ ಆಯುವ ತಂದೆಯೊಬ್ಬ ಆ ಆದೇಶದ ಬಗ್ಗೆ ಏನು ಹೇಳಬಲ್ಲ? ಆದೇಶದ ಪ್ರತಿ ಹಿಡಿದು ಅವನ ಜೊತೆಯಲ್ಲಿ ಹೋಗಲು ಕನ್ನಡ ಬಲ್ಲ ಒಬ್ಬರು ಬೇಕು, ಶಾಲೆ ಆರಂಭವಾಗುವ ಜೂನ್ ತಿಂಗಳಿಗೆ ಮುಂಚೆ ಒಂದು ಬೆಳಗ್ಗೆ ಅರ್ಧ ದಿನದ ರಜೆ ಹಾಕಬಲ್ಲವರು.